ಜೆಪೆಗ್ ಕಳಿಸಿದೀವಿ ಸಾರ್

ದಾಸನಕೊಪ್ಪದಿಂದ ಹುಬ್ಬಳ್ಳಿಗೆ ಹೋಗಿ ಮಾವ ಮಾಡಿಸಿಕೊಂಡ ಸಿಟಿ ಸ್ಕ್ಯಾನು ಬೆಂಗಳೂರಲ್ಲಿ ನನ್ನ ಕೈಗೆ ಸಿಕ್ಕಿದ್ದು ವಾಟ್ಸಾಪಿನ ಹನ್ನೆರಡು ಜೆಪೆಗ್ ಆಗಿ. ಇದು ಸ್ಕ್ಯಾನಲ್ಲ, ಸ್ಕ್ಯಾನಿನ ಫೋಟೋ! ಯಂತ್ರ ಬರೆಯೋದು ಡೈಕಾಮ್ ಫೈಲು. ಅದರಲ್ಲಿ ಸಾಮಾನ್ಯವಾಗಿ 4096 ಬೂದು ಛಾಯೆ. ಮಾಮೂಲಿ ಜೆಪೆಗ್‌ನಲ್ಲಿ 256. ಡೈಕಾಮ್ ಇದ್ದರೆ ಡಾಕ್ಟರು ಅದೇ ಸ್ಲೈಸಿನಲ್ಲಿ ಒಮ್ಮೆ ಶ್ವಾಸಕೋಶ, ಒಮ್ಮೆ ಮೂಳೆ ನೋಡಬಹುದು, ಗಂಟನ್ನು ಮಿಲಿಮೀಟರಿನಲ್ಲಿ ಅಳೆಯಬಹುದು. ಸ್ಕ್ರೀನಲ್ಲಿ ಕಂಡದ್ದನ್ನಷ್ಟೇ ಪಿಎನ್‌ಜಿ ಮಾಡಿದರೂ ಹೋದ ಛಾಯೆ ವಾಪಸ್ ಬರಲ್ಲ.

‘ಫೈಲು ದೊಡ್ಡದು ಸಾರ್’ ಅಂತಾರೆ. ಸ್ಲೈಸಿಗೆ ಅರ್ಧ ಎಂಬಿ, ಐನೂರು ಸ್ಲೈಸಿಗೆ 250. ನಾವು ರಾತ್ರಿ ನೋಡೋ ಸಿನಿಮಾ ಇದಕ್ಕಿಂತ ಭಾರ! ಫೈಲಿಲ್ಲದಿದ್ದರೆ ಮಾವ ಮತ್ತೆ ಬಸ್ಸು ಹತ್ತಬೇಕು, ಮತ್ತೆ ದುಡ್ಡು, ಮತ್ತೆ ವಿಕಿರಣ. ಬಿಲ್ಲು ಕಟ್ಟೋ ಮುಂಚೆಯೇ ಡೈಕಾಮ್ ಕೇಳಿ. ಸಿಡಿ ಕೊಟ್ರೆ, ಲ್ಯಾಪ್‌ಟಾಪಿಗೆ ಡ್ರೈವೇ ಇಲ್ಲ ಅನ್ನೋದು ಬೇರೆ ಜಗಳ.