ಕಸೂತಿಯ ಆಕಾಶ ನಮ್ಮದೇ ಇರಲಿ

ಚಂದ್ರ, ನಕ್ಷತ್ರ, ಹೂಬಳ್ಳಿ ಸೇರಿಸಿದ ಕೈಕಸೂತಿಗೆ ಈಗ ಎಲ್ಲಿಲ್ಲದ ಬೇಡಿಕೆ. ಕುರ್ತಾದ ಕೊರಳಪಟ್ಟಿಗೆ, ಕುಪ್ಪಸದ ಬೆನ್ನಿಗೆ, ಗೋಡೆಗೆ ತೂಗುಹಾಕುವ ರಿಂಗಿಗೆ ಎಲ್ಲರೂ ಅದನ್ನೇ ಕೇಳುತ್ತಾರೆ. ಧಾರವಾಡದ ನಮ್ಮ ಮನೆಯ ಪಡಸಾಲೆಗೆ ಕಸೂತಿ ಕಲಿಯಲು ಬರುವ ಹುಡುಗಿಯರು ಮೊಬೈಲಿನಲ್ಲಿ ತೋರಿಸುವ ಚಿತ್ರಗಳೂ ಹೆಚ್ಚುಕಡಿಮೆ ಒಂದೇ: ಕಡುನೀಲಿ ಬಟ್ಟೆ, ನೆಟ್ಟಗೆ ನಿಂತ ಹಳದಿ ಚಂದ್ರ, ಅವನ ಎರಡು ಕೊಂಬುಗಳ ನಡುವೆ ಚಿನ್ನದ ನಕ್ಷತ್ರ, ಕೆಳಗೆ ಗುಲಾಬಿ ಮತ್ತು ಲ್ಯಾವೆಂಡರ್. ಯಾವ ದಳಕ್ಕೆ ಯಾವ ನಂಬರಿನ ದಾರ, ಯಾವ ಹೊಲಿಗೆ ಎಂಬುದೂ ಬಟ್ಟೆ, ದಾರ ಸೇರಿಸಿ ಮಾರುವ ಕಿಟ್ಟಿನ ಹಾಳೆಯಲ್ಲೇ ಅಚ್ಚಾಗಿರುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ. ಬಣ್ಣ ಮತ್ತು ಹೊಲಿಗೆ ಆರಿಸುವುದು ಕಸೂತಿಯ ಅರ್ಧ ವಿದ್ಯೆ. ಅದನ್ನು ಹಾಳೆಗೆ ಬಿಟ್ಟುಕೊಟ್ಟವಳು ಸೂಜಿ ಹಿಡಿಯಲು ಕಲಿಯುತ್ತಾಳೆ, ನೋಡಲು ಕಲಿಯುವುದಿಲ್ಲ.

ಮೊದಲು ಚಂದ್ರನನ್ನೇ ತೆಗೆದುಕೊಳ್ಳಿ. ಬಿದಿಗೆ ಅಥವಾ ತದಿಗೆಯ ಸಂಜೆ ಪಡುವಣಕ್ಕೆ ಮುಖಮಾಡಿ ನಿಲ್ಲಿ. ಧಾರವಾಡ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸಮಭಾಜಕಕ್ಕೆ ಇಷ್ಟು ಹತ್ತಿರದ ನಾಡಿನಲ್ಲಿ ಎಳೆಚಂದ್ರ ವಾಲಿಕೊಂಡೇ ಇರುತ್ತಾನೆ. ಮಾಘ, ಫಾಲ್ಗುಣದ ಹೊತ್ತಿಗಂತೂ ದೋಣಿಯ ಹಾಗೆ ಮಲಗಿರುತ್ತಾನೆ. ನೆಟ್ಟಗೆ ನಿಂತ ಚಂದ್ರ ದೂರದ ಉತ್ತರದ ದೇಶಗಳವನು. ಕೊಂಬುಗಳ ನಡುವಿನ ನಕ್ಷತ್ರವಂತೂ ಯಾವ ದೇಶದಲ್ಲೂ ಕಾಣದು. ಅಲ್ಲಿರುವುದು ಚಂದ್ರನದೇ ಕತ್ತಲ ಭಾಗ, ಅದರ ಹಿಂದಿನ ನಕ್ಷತ್ರ ಮರೆಯಾಗಿರುತ್ತದೆ. ಇನ್ನು ಬಣ್ಣ. ದಿಗಂತಕ್ಕೆ ಹತ್ತಿರವಿದ್ದಾಗ ಗಾಳಿ ಮತ್ತು ಧೂಳನ್ನು ಹಾಯ್ದು ಬರುವ ಬೆಳಕು ಕೇಸರಿಗೆ ತಿರುಗುತ್ತದೆ. ನೆತ್ತಿಗೇರಿದ ಚಂದ್ರ ಬೆಳ್ಳಗಿರುತ್ತಾನೆ. ಆದ್ದರಿಂದ ಚಂದ್ರ ಹೂಬಳ್ಳಿಗೆ ತಾಗಿದಂತಿದ್ದರೆ ತೆಳು ಕೇಸರಿ ದಾರ, ವಿನ್ಯಾಸದ ತುದಿಯಲ್ಲಿದ್ದರೆ ಬೂದಿ ಬೆರೆತ ಬಿಳಿ. ಈ ನಿರ್ಧಾರಕ್ಕೆ ಚಾರ್ಟಿನ ಹಂಗು ಬೇಡ.

ನಕ್ಷತ್ರಗಳೆಲ್ಲ ಚಿನ್ನದ ಬಣ್ಣದವೂ ಅಲ್ಲ. ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ಬಿತ್ತನೆಯ ಲೆಕ್ಕ ಇಡುವ ನಾಡು ನಮ್ಮದು. ಆ ರೋಹಿಣಿ ನಕ್ಷತ್ರ ಕಿತ್ತಳೆ, ಆರ್ದ್ರೆ ಕೆಂಪು, ಜ್ಯೇಷ್ಠೆಯೂ ಕೆಂಪು. ಇರುಳಾಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರ ಲುಬ್ಧಕ ನೀಲಿ ಬೆರೆತ ಬಿಳಿ. ಕೃತ್ತಿಕೆಯ ಗೊಂಚಲು ತಿಳಿನೀಲಿ. ಮೇಲ್ಮೈ ತಾಪ ಹೆಚ್ಚಿದ್ದ ನಕ್ಷತ್ರ ನೀಲಿಯಾಗಿಯೂ ಕಡಿಮೆ ಇದ್ದದ್ದು ಕೆಂಪಾಗಿಯೂ ಕಾಣುತ್ತದೆ. ದೊಡ್ಡ ನಕ್ಷತ್ರಕ್ಕೆ ನಡುವಿನಿಂದ ಹೊರಟ ಉದ್ದ, ಗಿಡ್ಡ ನೇರ ಹೊಲಿಗೆಗಳು ಸಾಕು. ಕೃತ್ತಿಕೆಯಂಥ ಗೊಂಚಲಿಗೆ ಒಂದೇ ಎಳೆಯ ಫ್ರೆಂಚ್ ನಾಟ್ ಹಾಕಬೇಕು. ಮಾರುಕಟ್ಟೆಯ ಹತ್ತಿ ದಾರದಲ್ಲಿ 6 ಎಳೆ ಇರುತ್ತವೆ. ಅವನ್ನು ಬಿಡಿಸಿ ದೂರದ ನಕ್ಷತ್ರಕ್ಕೆ 1, ದಳಕ್ಕೆ 2, ಚಂದ್ರನ ಅಂಚಿಗೆ 3 ಎಂದು ಹಂಚಿಕೊಂಡರೆ ಬಟ್ಟೆಯ ಮೇಲೆ ಹತ್ತಿರ ಮತ್ತು ದೂರ ತಾವಾಗಿ ಹುಟ್ಟುತ್ತವೆ.

ಹೂವಿನ ವಿಷಯದಲ್ಲೂ ಅಷ್ಟೇ. ಇರುಳಿನ ಚಿತ್ರಕ್ಕೆ ಇರುಳಲ್ಲಿ ಅರಳುವ ಹೂವೇ ಬೇಕು, ಅದು ನಮ್ಮ ಅಂಗಳದಲ್ಲೇ ಇದೆ: ಪಾರಿಜಾತ, ಸುಗಂಧರಾಜ, ಕುಂಡದಲ್ಲಿ ಬೆಳೆಸುವ ಬ್ರಹ್ಮಕಮಲ. ಇರುಳ ಹೂಗಳಲ್ಲಿ ಬಿಳಿ ಬಣ್ಣದವೇ ಹೆಚ್ಚು. ಕತ್ತಲಲ್ಲಿ ಹಾರುವ ಪತಂಗಗಳಿಗೆ ಆ ಬಿಳುಪು, ಆ ಪರಿಮಳ ದಾರಿ ತೋರುತ್ತವೆ. ನನ್ನ ಮೆಚ್ಚಿನದು ಪಾರಿಜಾತ. ಅದರ ದಳಗಳಿಗೆ ಹಾಲುಬಿಳಿ ದಾರ, ಬುಡಕ್ಕೆ ಸ್ವಲ್ಪ ನೀಲಿಬೂದಿ ಸೇರಿಸಿ ಲಾಂಗ್ ಅಂಡ್ ಶಾರ್ಟ್ ಹೊಲಿಗೆ. ಅಚ್ಚಬಿಳಿ ಕಡುನೀಲಿಯ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಹೂವಿನ ನಡುವಿನ ಕಿತ್ತಳೆಗೆ ರೋಹಿಣಿಗೆ ಬಳಸಿದ ಲಚ್ಚಿಯನ್ನೇ ಬಳಸಬೇಕೆಂದು ನಾನು ಹಟಹಿಡಿದು ಹೇಳುತ್ತೇನೆ. ಮೇಲಿನ ನಕ್ಷತ್ರ, ಕೆಳಗಿನ ಹೂವು ಒಂದೇ ಬಣ್ಣ ಹಂಚಿಕೊಂಡಾಗ ಆಕಾಶಕ್ಕೂ ಅಂಗಳಕ್ಕೂ ನಂಟು ಬೆಳೆಯುತ್ತದೆ. ಇಪ್ಪತ್ತು ಬಣ್ಣ ಸುರಿದರೂ ಈ ನಂಟು ಬರುವುದಿಲ್ಲ.

ಆರಿಸಿದ ದಾರವನ್ನು ಪರೀಕ್ಷಿಸದೆ ಸೂಜಿಗೆ ಪೋಣಿಸಬೇಡಿ. ಟ್ಯೂಬ್‌ಲೈಟಿನ ಕೆಳಗೆ ಚೆನ್ನಾಗಿ ಕಂಡ ನೇರಳೆ ಬಿಸಿಲಿಗೆ ಬೇರೆಯೇ ಆಗಬಹುದು. ಲಚ್ಚಿಗಳನ್ನು ಬಟ್ಟೆಯ ಮೇಲಿಟ್ಟು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಅದರಲ್ಲಿ ಬಟ್ಟೆಯೊಳಗೆ ಕರಗಿಹೋದ ದಾರ ಹೊಲಿದ ಮೇಲೂ ಕರಗುತ್ತದೆ. ಕಡುಹಸಿರು ಹೀಗೆಯೇ ಮೋಸ ಮಾಡುವುದರಿಂದ ಎಲೆಗೆ ಬೂದಿಹಸಿರು ಒಳ್ಳೆಯದು. ಕೆಂಪು ದಾರದ ತುಂಡೊಂದನ್ನು ನೆನೆಸಿ ಬಿಳಿ ಅರಿವೆಯಲ್ಲಿ ಒತ್ತಿದರೆ ಬಣ್ಣ ಬಿಡುತ್ತದೋ ಇಲ್ಲವೋ ತಿಳಿಯುತ್ತದೆ. ಸ್ಯಾಟಿನ್ ಹೊಲಿಗೆಯ ದಿಕ್ಕು ಬದಲಿಸಿದರೆ ಒಂದೇ ದಾರ ಒಂದೆಡೆ ಮಿನುಗಿ ಇನ್ನೊಂದೆಡೆ ಮಂಕಾಗುತ್ತದೆ. ಹೀಗಾಗಿ ದಳಕ್ಕೆ ನೆರಳು ತರಲು ಪ್ರತಿಸಲ ಹೊಸ ಬಣ್ಣ ಕೊಳ್ಳಬೇಕಿಲ್ಲ. ಜರಿಯನ್ನು ಬಟ್ಟೆಯೊಳಗೆ ಮತ್ತೆ ಮತ್ತೆ ಎಳೆದರೆ ಸವೆದು ಕಿತ್ತುಬರುತ್ತದೆ. ಅದನ್ನು ಮೇಲಿಟ್ಟು ತೆಳು ದಾರದಿಂದ ಅಲ್ಲಲ್ಲಿ ಕಟ್ಟುವ ಕೌಚಿಂಗ್ ವಾಸಿ.

ಕಣ್ಣಿಟ್ಟು ನೋಡಿ ಹೊಲಿಯುವ ಈ ಲಕ್ಷ್ಯ ನಮ್ಮ ಭಾಗಕ್ಕೆ ಹೊಸದಲ್ಲ. ಹಿಂದೆ ಮದುಮಗಳಿಗೆಂದು ಮಾಡಿಸುತ್ತಿದ್ದ ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆಯ ಮೇಲೆ ನಮ್ಮ ಹೆಣ್ಣುಮಕ್ಕಳು ಕಸೂತಿ ಹಾಕಿದ್ದು ಬಟ್ಟೆಯ ಎಳೆ ಎಣಿಸಿಕೊಂಡು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುತ್ತಿರಲಿಲ್ಲ, ದಾರಕ್ಕೆ ಗಂಟು ಹಾಕುತ್ತಿರಲಿಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕೇ ಹೊಲಿಗೆ. ಕೆಂಪು, ಕಿತ್ತಳೆ, ಹಸಿರು, ನೇರಳೆಯಂಥ ಕೆಲವೇ ಬಣ್ಣ. ಅಷ್ಟರಲ್ಲೇ ಗೋಪುರ, ತೇರು, ತುಳಸಿಕಟ್ಟೆ, ಕಮಲ, ನಕ್ಷತ್ರ ಎಲ್ಲವೂ ಮೂಡಿದವು. ಅವರು ಸುತ್ತಲಿನದನ್ನು ನೋಡಿ ಹೊಲಿದರು. ಇಂದಿನ ಚಂದ್ರ-ಹೂವಿನ ವಿನ್ಯಾಸಕ್ಕೂ ಗವಂತಿಯ ನಕ್ಷತ್ರಸಾಲಿನ ಅಂಚು ಚೆನ್ನಾಗಿ ಒಪ್ಪುತ್ತದೆ. ಎಳೆ ಎಣಿಸಲಾಗದ ಬಟ್ಟೆಯಾದರೆ ಮೇಲೆ ಜಾಳಿಗೆಯ ಕ್ಯಾನ್ವಾಸ್ ಟಾಕಿ ಹೊಲಿದು, ಆಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದರಾಯಿತು.

ಹೊಲಿಗೆ ತರಬೇತಿ ನಡೆಸುವವರಲ್ಲಿ, ಶಾಲೆಯಲ್ಲಿ ಕರಕುಶಲ ಕಲಿಸುವ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಹೊಲಿಗೆಯ ಹೆಸರು ಬಾಯಿಪಾಠ ಮಾಡಿಸುವ ಹೊತ್ತಿನಲ್ಲಿ ಒಂದು ಪಾಲನ್ನಾದರೂ ಬಣ್ಣ ಆರಿಸುವುದಕ್ಕೆ ಕೊಡಿ. ಎಲ್ಲ ಮಕ್ಕಳಿಗೂ ಒಂದೇ ಚಿತ್ರ ಕೊಟ್ಟರೂ ದಾರವನ್ನು ಅವರವರೇ ಆರಿಸಲಿ, ಯಾಕೆ ಆರಿಸಿದರೆಂದು ಹೇಳಲಿ. ಕಿಟ್ ತಯಾರಿಸುವವರು ನಂಬರಿನ ಹಾಳೆಯ ಜೊತೆಗೆ ಬಣ್ಣ ತುಂಬದ ಒಂದು ಖಾಲಿ ಚಿತ್ರವನ್ನೂ ಇಡಲಿ. ಮನೆಯಲ್ಲಿ ಹೊಲಿಯುವ ಅಕ್ಕತಂಗಿಯರೇ, ದಾರ ಕೊಳ್ಳುವ ಮುಂಚೆ ಒಂದು ಸಂಜೆ ಮಾಳಿಗೆ ಹತ್ತಿ ಆಕಾಶ ನೋಡಿ. ಅಂಗಡಿಗೆ ಹೋಗುವಾಗ ಬಟ್ಟೆಯ ತುಂಡನ್ನು ಜೊತೆಗೊಯ್ದು, ಲಚ್ಚಿಯನ್ನು ಬಾಗಿಲ ಬೆಳಕಿಗೆ ತಂದು ಅದರ ಮೇಲಿಟ್ಟು ನೋಡಿ, ನಿಮ್ಮ ಕಣ್ಣಿಗೆ ಒಪ್ಪಿದ್ದನ್ನೇ ಕೊಳ್ಳಿ.