ಅಯಸ್ಕಾಂತದ ಸಾರಥ್ಯ: ಭರವಸೆ ಎಷ್ಟು, ದೂರವೆಷ್ಟು?

ರೋಗಿಯ ದೇಹದ ರಕ್ಷಕ ಕೋಶಗಳನ್ನೇ ಹೊರತೆಗೆದು, ಪ್ರಯೋಗಾಲಯದಲ್ಲಿ ಮಾರ್ಪಡಿಸಿ, ಮರಳಿ ದೇಹಕ್ಕೆ ಸೇರಿಸಿ ಕ್ಯಾನ್ಸರ್‌ ಎದುರಿಸುವ ಚಿಕಿತ್ಸೆ ಈಗ ವಿದೇಶದ ಮಾತಾಗಿ ಉಳಿದಿಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ತಜ್ಞರ ಶ್ರಮದಿಂದ ರೂಪುಗೊಂಡ ‘ನೆಕ್ಸ್‌ಕಾರ್‌19’ಗೆ 2023ರ ಅಕ್ಟೋಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನೀಡಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್‌ ಸಂಸ್ಥೆ ‘ಕ್ವಾರ್ಟೆಮಿ’ಯನ್ನು ಬಿಡುಗಡೆ ಮಾಡಿತು. ಆದರೆ ಈ ಎರಡೂ ಚಿಕಿತ್ಸೆಗಳು ರಕ್ತ ಹಾಗೂ ದುಗ್ಧರಸ ವ್ಯವಸ್ಥೆಯ ಕೆಲವು ಕ್ಯಾನ್ಸರ್‌ಗಳಿಗಷ್ಟೇ ಸೀಮಿತ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳು ಇವುಗಳ ವ್ಯಾಪ್ತಿಯ ಹೊರಗಿವೆ.

ಕಾರಣ ಸ್ಪಷ್ಟ. ರಕ್ತದ ಕ್ಯಾನ್ಸರ್‌ನಲ್ಲಿ ವೈರಿಯೂ ರಕ್ಷಕನೂ ಒಂದೇ ಪ್ರವಾಹದಲ್ಲಿ ಎದುರಾಗುತ್ತಾರೆ. ಗಟ್ಟಿ ಗಡ್ಡೆಯ ವಿಷಯ ಹಾಗಲ್ಲ. ಅದರ ರಕ್ತನಾಳಗಳು ಅಸ್ತವ್ಯಸ್ತ, ಒಳಗೆ ಆಮ್ಲಜನಕದ ಕೊರತೆ, ಸುತ್ತಲೂ ದಟ್ಟ ನಾರಿನ ಆವರಣ. ರಕ್ತಕ್ಕೆ ಸೇರಿಸಿದ ಕೋಶಗಳಲ್ಲಿ ಬಹುಪಾಲು ಶ್ವಾಸಕೋಶ, ಯಕೃತ್ತು, ಗುಲ್ಮಗಳಲ್ಲೇ ತಂಗುತ್ತವೆ. ಗಡ್ಡೆಯನ್ನು ತಲುಪುವವು ಕೆಲವೇ. ಈ ಕೋಶಗಳಿಗೆ ದಾರಿ ತೋರುವವರು ಯಾರು ಎಂಬ ಪ್ರಶ್ನೆಗೆ ವಿಜ್ಞಾನಿಗಳು ಹುಡುಕಿದ ಉತ್ತರಗಳಲ್ಲಿ ಅಯಸ್ಕಾಂತವೂ ಒಂದು.

ಇದರ ತತ್ವ ಸರಳ. ಕಬ್ಬಿಣದ ಆಕ್ಸೈಡ್‌ನ ಅತಿಸೂಕ್ಷ್ಮ ಕಣಗಳನ್ನು ರಕ್ಷಕ ಕೋಶಕ್ಕೆ ತುಂಬಿಸಿ, ಹೊರಗಿನಿಂದ ಅಯಸ್ಕಾಂತದ ಬಲ ಪ್ರಯೋಗಿಸಿ, ಗಡ್ಡೆಯತ್ತ ಎಳೆಯುವುದು. ಒಂದು ನ್ಯಾನೊಮೀಟರ್‌ ಎಂದರೆ ಮೀಟರಿನ ನೂರು ಕೋಟಿಯ ಒಂದು ಭಾಗ. ಇಷ್ಟು ಚಿಕ್ಕ ಅಳತೆಯ ಕಣಗಳಿಗೆ ಒಂದು ವಿಶೇಷ ಗುಣವಿದೆ: ಹೊರಗಿನ ಅಯಸ್ಕಾಂತ ಇದ್ದಾಗ ಸೆಳೆತಕ್ಕೆ ಒಳಗಾಗುತ್ತವೆ, ಅದನ್ನು ತೆಗೆದೊಡನೆ ಕಾಂತತ್ವವನ್ನು ಕಳೆದುಕೊಳ್ಳುತ್ತವೆ. ಆದ್ದರಿಂದ ರಕ್ತದಲ್ಲಿ ಪರಸ್ಪರ ಅಂಟಿಕೊಂಡು ಗೆಡ್ಡೆಗಟ್ಟುವ ಅಪಾಯ ಕಡಿಮೆ. ಕಬ್ಬಿಣವು ದೇಹಕ್ಕೆ ಅಪರಿಚಿತವೂ ಅಲ್ಲ. ಇಂಥ ಕಣಗಳಿಂದಲೇ ತಯಾರಾದ ‘ಫೆರುಮಾಕ್ಸಿಟಾಲ್‌’ ಎಂಬ ಔಷಧಕ್ಕೆ ಮೂತ್ರಪಿಂಡ ರೋಗಿಗಳ ರಕ್ತಹೀನತೆಯ ನಿವಾರಣೆಗಾಗಿ 2009ರಲ್ಲೇ ಅಮೆರಿಕದಲ್ಲಿ ಮಾನ್ಯತೆ ದೊರೆತಿದೆ. ಅದರಿಂದ ತೀವ್ರ ಅಲರ್ಜಿ ಉಂಟಾಗಬಹುದೆಂಬ ಎಚ್ಚರಿಕೆಯೂ ಜೊತೆಗಿದೆ.

ಪ್ರಾಣಿಗಳ ಮೇಲಿನ ಪ್ರಯೋಗಗಳು ಉತ್ಸಾಹ ಮೂಡಿಸಿವೆ. ಬ್ರಿಟನ್ನಿನ ಶೆಫೀಲ್ಡ್‌ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಕ್ಷಕ ಕೋಶಗಳಿಗೆ ಕಾಂತೀಯ ಕಣಗಳನ್ನೂ ಕ್ಯಾನ್ಸರ್‌ನಾಶಕ ವೈರಸ್ಸನ್ನೂ ತುಂಬಿ, ಎಂಆರ್‌ಐ ಯಂತ್ರದ ನೆರವಿನಿಂದ ಇಲಿಗಳ ಗಡ್ಡೆಗಳತ್ತ ನಡೆಸಲಾಯಿತು. ರೋಗವನ್ನು ನೋಡುವ ಯಂತ್ರವೇ ಚಿಕಿತ್ಸೆಯ ಸಾರಥಿಯಾದದ್ದು ಇಲ್ಲಿನ ವೈಶಿಷ್ಟ್ಯ. ಅಮೆರಿಕದ ಜಾನ್ಸ್‌ ಹಾಪ್ಕಿನ್ಸ್‌ ವಿಜ್ಞಾನಿಗಳು 2014ರಲ್ಲಿ ಬೇರೊಂದು ಮಾರ್ಗ ತೋರಿದರು. ಅವರು ಕೋಶಗಳನ್ನು ಎಳೆಯಲಿಲ್ಲ. ಟಿ-ಕೋಶಗಳಿಗೆ ಅಂಟಿದ ಕಣಗಳನ್ನು ಕಾಂತಕ್ಷೇತ್ರದಲ್ಲಿ ಒಟ್ಟುಗೂಡಿಸಿ ಆ ಕೋಶಗಳನ್ನು ಚುರುಕುಗೊಳಿಸಿದರು.

ಇಷ್ಟಾದರೂ ಗೆಲುವು ಇನ್ನೂ ದೂರವಿದೆ. ಮೊದಲ ತೊಡಕು ಭೌತವಿಜ್ಞಾನದ್ದು. ಎಲ್ಲೆಡೆ ಏಕರೂಪವಾಗಿರುವ ಕಾಂತಕ್ಷೇತ್ರ ಎಷ್ಟೇ ಪ್ರಬಲವಾಗಿದ್ದರೂ ಕಣವನ್ನು ಎಳೆಯಲಾರದು. ಎಳೆಯಲು ಕ್ಷೇತ್ರದ ಏರಿಳಿತ ಬೇಕು. ಅಯಸ್ಕಾಂತದಿಂದ ದೂರ ಸರಿದಂತೆ ಬಲ ಥಟ್ಟನೆ ಕುಸಿಯುತ್ತದೆ. ಇಲಿಯ ದೇಹದಲ್ಲಿ ಗಡ್ಡೆ ಚರ್ಮದಿಂದ ಅರ್ಧ ಅಂಗುಲದೊಳಗೇ ಇರಬಹುದು. ಮನುಷ್ಯನ ಯಕೃತ್ತಿನ ಆಳ ಹಾಗಲ್ಲ. ರಕ್ತದ ರಭಸವನ್ನೂ ಮೀರಬೇಕು. ಎರಡನೆಯದು ಜೀವವಿಜ್ಞಾನದ ತೊಡಕು. ಭಕ್ಷಕ ಕೋಶಗಳು ಕಣಗಳನ್ನು ಸುಲಭವಾಗಿ ನುಂಗುತ್ತವೆ, ಟಿ-ಕೋಶಗಳು ನುಂಗುವುದಿಲ್ಲ. ತುಂಬಿಸಿದರೂ ಕೋಶ ವಿಭಜನೆಯಾದಂತೆಲ್ಲ ಕಬ್ಬಿಣ ಪಾಲಾಗುತ್ತದೆ. ಗಡ್ಡೆಯನ್ನು ಮುಟ್ಟಿದ ಮೇಲೂ ಅಲ್ಲಿನ ವಾತಾವರಣ ರಕ್ಷಕರನ್ನು ನಿಸ್ತೇಜಗೊಳಿಸುತ್ತದೆ. ಅಷ್ಟೇ ಅಲ್ಲ, ಅಯಸ್ಕಾಂತ ನಾವು ತೋರಿದ ಜಾಗಕ್ಕೆ ಮಾತ್ರ ಎಳೆಯಬಲ್ಲದು. ಕಣ್ಣಿಗೆ ಬೀಳದೆ ಹರಡಿದ ರೋಗಕ್ಕೆ ಅದರಲ್ಲಿ ಉತ್ತರವಿಲ್ಲ.

ಇತಿಹಾಸವೂ ಸಂಯಮವನ್ನೇ ಬೋಧಿಸುತ್ತದೆ. ಕಾಂತೀಯ ಕಣಗಳಿಗೆ ಔಷಧ ಬೆಸೆದು ಗಡ್ಡೆಯತ್ತ ಒಯ್ಯುವ ಪ್ರಯೋಗವನ್ನು ಜರ್ಮನಿಯಲ್ಲಿ 14 ರೋಗಿಗಳ ಮೇಲೆ ನಡೆಸಿದ ವರದಿ ಬಂದದ್ದು 1996ರಲ್ಲಿ. ಮೂರು ದಶಕಗಳಾದರೂ ಅದು ಆಸ್ಪತ್ರೆಯ ನಿತ್ಯದ ಚಿಕಿತ್ಸೆಯಾಗಿಲ್ಲ. ಇತ್ತ 2024ರಲ್ಲಿ ಚರ್ಮದ ಮೆಲನೋಮ ಮತ್ತು ಮೃದು ಅಂಗಾಂಶದ ಒಂದು ಬಗೆಯ ಗಡ್ಡೆಗೆ ಅಮೆರಿಕ ಕೋಶಚಿಕಿತ್ಸೆಗಳನ್ನು ಒಪ್ಪಿತು. ಅವೆರಡರಲ್ಲೂ ಅಯಸ್ಕಾಂತದ ಎಳೆತ ಇರಲಿಲ್ಲ. ಸದ್ಯಕ್ಕೆ ಅಯಸ್ಕಾಂತದ ನಿಜವಾದ ಯಶಸ್ಸು ದೇಹದ ಹೊರಗಿದೆ: ಟಿ-ಕೋಶಗಳನ್ನು ಬೇರ್ಪಡಿಸಲು, ಪ್ರಚೋದಿಸಲು ಪ್ರಯೋಗಾಲಯಗಳು ಕಾಂತೀಯ ಮಣಿಗಳನ್ನು ವರ್ಷಗಳಿಂದ ಬಳಸುತ್ತಿವೆ.

ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಾಂತಕ್ಷೇತ್ರದಿಂದ ಚಲಿಸುವ ಸುರುಳಿಯಾಕಾರದ ನ್ಯಾನೊ ಯಂತ್ರಗಳನ್ನು ಜೀವಂತ ಕೋಶಗಳೊಳಗೆ ನಡೆಸಿ ತೋರಿಸಿದ್ದಾರೆ. ಇಂಥ ಸಂಶೋಧನೆಗೆ ನಿರಂತರ ಹಣ ಮತ್ತು ತಾಳ್ಮೆ ಬೇಕು.

ಆದರೆ ಪ್ರಶ್ನೆ ಪ್ರಯೋಗಾಲಯದಲ್ಲೇ ಮುಗಿಯುವುದಿಲ್ಲ. ಅಮೆರಿಕದಲ್ಲಿ 2017ರಲ್ಲಿ ಬಂದ ಮೊದಲ ಕಾರ್‌-ಟಿ ಔಷಧದ ಬೆಲೆ 4,75,000 ಡಾಲರ್‌ ಆಗಿತ್ತು. ದೇಶೀಯ ಚಿಕಿತ್ಸೆ ಅದಕ್ಕಿಂತ ಎಷ್ಟೋ ಅಗ್ಗವಾದರೂ ಹತ್ತಾರು ಲಕ್ಷ ರೂಪಾಯಿ ಬೇಕು. ಬಡ ಕುಟುಂಬಕ್ಕೆ ಆಯುಷ್ಮಾನ್‌ ಭಾರತ್‌ - ಆರೋಗ್ಯ ಕರ್ನಾಟಕ ಯೋಜನೆ ಒದಗಿಸುವ ರಕ್ಷಣೆ ವರ್ಷಕ್ಕೆ 5 ಲಕ್ಷ ರೂಪಾಯಿ. ಈ ಅಂತರ ಹಾಗೇ ಉಳಿದರೆ, ಅಯಸ್ಕಾಂತ ಕೋಶಗಳನ್ನು ಗಡ್ಡೆಗೆ ತಲುಪಿಸಿದರೂ ಚಿಕಿತ್ಸೆ ಬಡವನನ್ನು ತಲುಪದು.

ಇನ್ನೊಂದು ಅಪಾಯವೂ ಇದೆ. ‘ಅಯಸ್ಕಾಂತದಿಂದ ಕ್ಯಾನ್ಸರ್‌ ಗುಣ’ ಎಂಬ ಅವಸರದ ಶೀರ್ಷಿಕೆಗಳು ಕಾಂತೀಯ ಕೈಬಳೆ, ಹಾಸಿಗೆ ಮಾರುವವರಿಗೆ ವರವಾಗುತ್ತವೆ. ಅವಕ್ಕೂ ಈ ಸಂಶೋಧನೆಗೂ ಯಾವ ಸಂಬಂಧವೂ ಇಲ್ಲ. ಕೋಶಗಳನ್ನು ಅಯಸ್ಕಾಂತದಿಂದ ನಡೆಸುವ ಕ್ಯಾನ್ಸರ್‌ ಚಿಕಿತ್ಸೆ ಇಂದು ಯಾವ ಆಸ್ಪತ್ರೆಯ ಅನುಮೋದಿತ ಪಟ್ಟಿಯಲ್ಲೂ ಇಲ್ಲ. ಹೊಲ ಅಡವಿಟ್ಟು ಹಣ ಹೊಂದಿಸುವ ಕುಟುಂಬಕ್ಕೆ ಈ ಸತ್ಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದು ವೈದ್ಯರ, ಸರ್ಕಾರದ ಹಾಗೂ ಪತ್ರಿಕೆಗಳ ಕರ್ತವ್ಯ. ಬೇಗ ಪತ್ತೆ ಹಚ್ಚುವುದು, ತಂಬಾಕು ಬಿಡಿಸುವುದು, ಜಿಲ್ಲಾಸ್ಪತ್ರೆಗಳಲ್ಲಿ ಚಿಕಿತ್ಸೆ ದೊರಕಿಸುವುದು ಇಂದೇ ಜೀವ ಉಳಿಸಬಲ್ಲ ಕೆಲಸಗಳು. ನಾಳೆಯ ಅಯಸ್ಕಾಂತದ ಭರವಸೆ ಅವುಗಳಿಗೆ ಬದಲಿಯಾಗಲಾರದು.