ಉಗಿಬಂಡಿಯ ಕೂಗು ಅಲಂಕಾರವಲ್ಲ

ಕಳೆದ ಬೇಸಗೆಯ ರಜೆಯಲ್ಲಿ ಮೊಮ್ಮಕ್ಕಳ ಒತ್ತಾಯಕ್ಕೆ ಕಟ್ಟುಬಿದ್ದು ನೀಲಗಿರಿಯ ಬೆಟ್ಟದ ರೈಲಿನಲ್ಲಿ ಪ್ರಯಾಣ ಮಾಡಿದೆ. ಮೆಟ್ಟುಪಾಳ್ಯದ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಎಂಜಿನ್ನಿನ ಸುತ್ತ ಜನ ನೆರೆದಿದ್ದರು. ಎಲ್ಲರ ಕೈಯಲ್ಲಿಯೂ ಮೊಬೈಲ್. ಬಂಡಿ ಒಮ್ಮೆ ಕೂಗಿತು. ಆ ಕ್ಷಣವನ್ನು ಚಿತ್ರಿಸಿಕೊಳ್ಳಲಾಗದ ಒಬ್ಬ ತರುಣರು ಚಾಲಕರನ್ನು ನೋಡಿ, "ಸಾರ್, ಇನ್ನೊಂದು ಸಲ, ಒಂದೇ ಒಂದು ಸಲ" ಎಂದು ಬೇಡಿಕೊಂಡರು. ಚಾಲಕರು ನಕ್ಕು ತಲೆಯಾಡಿಸಿ ತಮ್ಮ ಕೆಲಸಕ್ಕೆ ತಿರುಗಿದರು. ನನ್ನ ಮೊಮ್ಮಗನಿಗೆ ಬೇಸರವಾಯಿತು. "ಅವರಿಗೇನು ನಷ್ಟ ತಾತ? ಒಂದು ಸಲ ಕೂಗಿಸಿದರೆ ಆಗುತ್ತಿರಲಿಲ್ಲವೆ?" ಎಂದು ಕೇಳಿದ. ಆಗ ನಾನು ಕೊಟ್ಟ ಉತ್ತರ ಅವನಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಈ ಬರಹ ಅವನಿಗೆ ಹೇಳಬೇಕಾಗಿದ್ದ ಉತ್ತರ.

ಕಡೂರಿನ ಆಚೆ ನಮ್ಮ ಶಾಲೆಯ ಹಿಂದೆಯೇ ಮೀಟರ್ ಗೇಜ್ ಹಾದಿ ಹಾಯ್ದು ಹೋಗುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಮರೆತಿರಲಾರದು. ಮಧ್ಯಾಹ್ನದ ಪ್ಯಾಸೆಂಜರ್ ಬಂಡಿ ಕೂಗಿದರೆ ಊಟದ ಗಂಟೆ ಬಾರಿಸಬೇಕಾದ ಜವಾನನಿಗೆ ಎಚ್ಚರವಾಗುತ್ತಿತ್ತು. ಒಂಬತ್ತನೆಯ ತರಗತಿಗೆ ಶಬ್ದದ ಪಾಠ ಮಾಡುವಾಗ ನಾನು ಹುಡುಗರನ್ನು ಬೇಲಿಯ ಬಳಿಗೆ ಕರೆದೊಯ್ದು ನಿಲ್ಲಿಸುತ್ತಿದ್ದೆ. ಬಂಡಿ ಕೂಗುತ್ತ ಬರುವಾಗ ಒಂದು ಸ್ಥಾಯಿ, ನಮ್ಮನ್ನು ದಾಟಿದ ಕೂಡಲೇ ಅದಕ್ಕಿಂತ ಕೆಳಗಿನದು. ಗಂಟೆಗೆ ಅರುವತ್ತು ಕಿಲೋಮೀಟರ್ ವೇಗದ ಬಂಡಿಯ ಕೂಗು ಹಾಗೆ ದಾಟುವಾಗ ಕಂಪನಸಂಖ್ಯೆಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಸಂಗೀತ ಬಲ್ಲವರಿಗೆ ಚತುಶ್ರುತಿ ರಿಷಭದಿಂದ ಷಡ್ಜಕ್ಕೆ ಇಳಿದಂತೆ ಕೇಳಿಸೀತು. ಡಾಪ್ಲರ್ ಎಂಬ ವಿಜ್ಞಾನಿ ಹೇಳಿದ ಈ ತತ್ತ್ವವನ್ನು ೧೮೪೫ರಲ್ಲಿ ಹಾಲೆಂಡಿನ ಬೈಸ್ ಬ್ಯಾಲೊ ಎಂಬುವರು ರೈಲಿನಲ್ಲಿ ತುತ್ತೂರಿ ಊದುವವರನ್ನು ಕೂರಿಸಿ ಪರೀಕ್ಷಿಸಿದ್ದರು. ನಮಗೆ ತುತ್ತೂರಿಯ ಅಗತ್ಯವಿರಲಿಲ್ಲ. ರೈಲೇ ದಿನವೂ ಬಂದು ಪಾಠ ಮಾಡಿ ಹೋಗುತ್ತಿತ್ತು.

ಆ ಬಂಡಿಯನ್ನು ಎಷ್ಟೋ ದಿನ ನಡೆಸುತ್ತಿದ್ದವರು ನನ್ನ ಚಿಕ್ಕಪ್ಪ. ಇಪ್ಪತ್ತು ವರ್ಷದ ಹುಡುಗನಾಗಿದ್ದಾಗ ಎಂಜಿನ್ನಿಗೆ ಕಲ್ಲಿದ್ದಲು ತುಂಬುವ ಫೈರ್‌ಮನ್ ಆಗಿ ಸೇರಿ, ಮುಂದೆ ಚಾಲಕರಾದವರು. ಶಾಲೆಯ ಹತ್ತಿರ ಬಂದಾಗ ಅವರ ಕೂಗು ಬೇರೆ ಚಾಲಕರದಕ್ಕಿಂತ ಭಿನ್ನವಾಗಿರುತ್ತಿತ್ತು. ಮೊದಲು ಮೆಲ್ಲಗೆ ಎದ್ದು, ತುಂಬಿ ನಿಂತು, ಕೊನೆಗೆ ಕತ್ತರಿಸಿದಂತೆ ನಿಲ್ಲುತ್ತಿತ್ತು. "ಅದು ನಮ್ಮ ಮೇಷ್ಟರ ಚಿಕ್ಕಪ್ಪ" ಎಂದು ಹುಡುಗರೂ ಗುರುತಿಸುತ್ತಿದ್ದರು.

ಹಾಗೆ ಗುರುತಿಸಲು ಸಾಧ್ಯವಾಗುತ್ತಿದ್ದುದಕ್ಕೆ ಕಾರಣವಿದೆ. ಉಗಿಬಂಡಿಯ ಸೀಟಿ ಗುಂಡಿ ಒತ್ತಿದರೆ ಮೊಳಗುವ ಯಂತ್ರವಲ್ಲ. ಅದು ಒಂದು ಬಗೆಯ ಕೊಳಲು. ಬಾಯ್ಲರಿನ ಉಗಿ ಸಣ್ಣ ಸೀಳಿನ ಮೂಲಕ ರಭಸದಿಂದ ಹೊರಬಂದು ಮೇಲಿನ ಗಂಟೆಯಾಕಾರದ ಬಟ್ಟಲಿನ ಅಂಚಿಗೆ ಬಡಿಯುತ್ತದೆ. ಬಟ್ಟಲಿನ ಒಳಗಿನದು ಕಂಪಿಸಿ ನಾದವಾಗುತ್ತದೆ. ಬಟ್ಟಲು ಉದ್ದವಾದಷ್ಟೂ ಸ್ವರ ಗಂಭೀರ. ಮೊದಲು ಒಂದಿಷ್ಟು ತಣ್ಣೀರು ಬುಸುಗುಡುತ್ತ ಚಿಮ್ಮಿ ಹೋಗಬೇಕು. ಆಮೇಲೆ ಸ್ವರ ಏರಿ ತನ್ನ ನೆಲೆಗೆ ಬರುತ್ತದೆ. ಕವಾಟವನ್ನು ಎಷ್ಟು ತೆರೆಯಬೇಕು, ಎಷ್ಟು ಬೇಗ ಮುಚ್ಚಬೇಕು ಎಂಬುದು ಚಾಲಕರ ಕೈಯಲ್ಲಿದೆ. ಆದುದರಿಂದಲೇ ಒಬ್ಬೊಬ್ಬರ ಕೂಗಿಗೆ ಒಂದೊಂದು ಧಾಟಿ.

ಧಾಟಿ ಚಾಲಕರದಾದರೂ ಅರ್ಥ ಅವರದಲ್ಲ. ಅದನ್ನು ರೈಲ್ವೆಯ ನಿಯಮಗಳು ನಿಗದಿ ಮಾಡಿದ್ದವು. ಗಿಡ್ಡ ಕೂಗು, ಉದ್ದ ಕೂಗು, ಇವೆರಡರ ಜೋಡಣೆಯಿಂದ ಒಂದು ಭಾಷೆಯೇ ಇತ್ತು. ನಮ್ಮ ಕನ್ನಡ ಪಂಡಿತರು ಛಂದಸ್ಸಿನ ಪಾಠದಲ್ಲಿ ಇದನ್ನು ಬಳಸಿಕೊಂಡರು. ಗಿಡ್ಡ ಕೂಗಿಗೆ ಲಘು, ಉದ್ದ ಕೂಗಿಗೆ ಗುರು ಎಂದು ಹುಡುಗರಿಂದ ಪ್ರಸ್ತಾರ ಹಾಕಿಸುತ್ತಿದ್ದರು. ಮೂರು ಲಘು ಬಂದರೆ ನಗಣ. ರೈಲಿನ ಭಾಷೆಯಲ್ಲಿ ಅದರ ಅರ್ಥ, ಹಿಂದಿರುವ ಗಾರ್ಡ್ ಬ್ರೇಕ್ ಹಾಕಬೇಕು ಎಂದು. ಹುಡುಗರು ನಕ್ಕರು, ಕಲಿತರು. ನಾನೂ ನಕ್ಕೆ. ಆದರೆ ಆ ಭಾಷೆ ಬಲ್ಲವರು ನನ್ನ ಮನೆಯಲ್ಲಿಯೇ ಇದ್ದರೆಂಬುದು ನನಗೆ ಹೊಳೆಯಲಿಲ್ಲ.

ಈಗ ನೀಲಗಿರಿಗೆ ಬರೋಣ. ಅಲ್ಲಿ ಆ ಭಾಷೆ ಏಕೆ ಬೇಕೆಂಬುದು ಕಣ್ಣಿಗೇ ಕಾಣುತ್ತದೆ. ೧೮೯೯ರಲ್ಲಿ ಕೂನೂರಿನವರೆಗೆ, ೧೯೦೮ರಲ್ಲಿ ಉದಕಮಂಡಲದವರೆಗೆ ತೆರೆದ ಈ ಮೀಟರ್ ಗೇಜ್ ಹಾದಿ ಒಟ್ಟು ಸುಮಾರು ೪೬ ಕಿಲೋಮೀಟರ್. ಕಲ್ಲಾರಿನಿಂದ ಕೂನೂರಿನವರೆಗಿನ ಏರು ಎಷ್ಟು ಕಡಿದೆಂದರೆ ಕೆಲವೆಡೆ ಹನ್ನೆರಡೂವರೆ ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರಬೇಕು. ನಯವಾದ ಕಂಬಿಯ ಮೇಲೆ ಚಕ್ರಗಳಿಗೆ ಅಷ್ಟು ಹಿಡಿತ ಸಿಕ್ಕುವುದಿಲ್ಲ. ಅದಕ್ಕಾಗಿ ಎರಡು ಕಂಬಿಗಳ ನಡುವೆ ಹಲ್ಲುಗಳಿರುವ ಪಟ್ಟಿಯನ್ನು ಹಾಸಿದ್ದಾರೆ. ಎಂಜಿನ್ನಿನ ಹಲ್ಲುಚಕ್ರಗಳು ಅದನ್ನು ಕಚ್ಚಿಕೊಂಡು ಮೇಲೇರುತ್ತವೆ. ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು. ಎರಡು ಸಾಮಾನ್ಯ ಚಕ್ರಗಳನ್ನು ತಿರುಗಿಸಿದರೆ, ಅವುಗಳಲ್ಲಿ ದುಡಿದು ಬಂದ ಉಗಿಯೇ ಏರಿನಲ್ಲಿ ಇನ್ನೆರಡಕ್ಕೆ ಹೋಗಿ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ದುಡಿದ ಉಗಿಯಿಂದಲೂ ಮತ್ತೊಮ್ಮೆ ದುಡಿಸುವ ಜಾಣ್ಮೆ ಇದು.

ಇಲ್ಲಿ ಎಂಜಿನ್ ಬಂಡಿಯನ್ನು ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಕೊಂಡಿ ಕಳಚಿದರೂ ಡಬ್ಬಿಗಳು ಕಣಿವೆಯತ್ತ ಉರುಳಿಹೋಗದಂತೆ ಎಂಜಿನ್ ಸದಾ ಕೆಳಗಡೆಯೇ ಇರುತ್ತದೆ. ಹೀಗಾಗಿ ಏರುವಾಗ ಚಾಲಕರಿಗೆ ಮುಂದಿನ ದಾರಿ ಕಾಣುವುದಿಲ್ಲ. ಅವರ ಕಣ್ಣಾಗಿ ಡಬ್ಬಿಗಳ ಮುಂಭಾಗದಲ್ಲಿ ಬ್ರೇಕ್ ಹಿಡಿಯುವ ನೌಕರರು ನಿಂತಿರುತ್ತಾರೆ. ಮುಂದಿನವರು ಬಾವುಟ ತೋರಿಸಿದರೆ ಅದು ಒಬ್ಬರಿಂದೊಬ್ಬರಿಗೆ ಹಿಂದಕ್ಕೆ ಸಾಗಿ ಚಾಲಕರನ್ನು ಮುಟ್ಟುತ್ತದೆ. ಚಾಲಕರ ಮಾತು ಮುಂದಕ್ಕೆ ಹೋಗಬೇಕಾದರೆ ಕೂಗೇ ಗತಿ. ಬ್ರೇಕ್ ಹಾಕಿ, ಬ್ರೇಕ್ ಬಿಡಿ ಎಂಬುದೆಲ್ಲ ಆ ಕೂಗಿನಲ್ಲಿಯೇ ಹೋಗಬೇಕು. ಈಗ ಹೇಳಿ, ಅಷ್ಟು ಜನರ ಜೀವ ಆ ಕೂಗಿನ ಅರ್ಥವನ್ನು ನಂಬಿರುವಾಗ ಚಿತ್ರ ತೆಗೆಯುವವರಿಗಾಗಿ ಅದನ್ನು ಸುಮ್ಮನೆ ಮೊಳಗಿಸುವುದು ಸರಿಯೆ? ತರಗತಿಯಲ್ಲಿ ಯಾರೋ ಆಸೆಪಟ್ಟರೆಂದು ಶಾಲೆಯ ಗಂಟೆಯನ್ನು ಬಾರಿಸಿದಂತಾಗುತ್ತದೆ. ನಾಲ್ಕು ಸಲ ಹಾಗೆ ಬಾರಿಸಿದರೆ ಐದನೆಯ ಸಲ ಯಾರೂ ಎದ್ದು ಹೋಗುವುದಿಲ್ಲ. ಅಂದು ಚಾಲಕರು ಕೂಗಿಸಲಿಲ್ಲ. ಅವರು ಮಾಡಿದ್ದೇ ಸರಿ.

ಇಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಪರಂಪರೆ ಎಂಬ ಮಾತಿನ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ೧೯೯೯ರಲ್ಲಿ ಡಾರ್ಜಿಲಿಂಗಿನ ರೈಲನ್ನೂ ೨೦೦೫ರಲ್ಲಿ ನೀಲಗಿರಿಯ ರೈಲನ್ನೂ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಸಂತೋಷಪಟ್ಟಿದ್ದೆ. ಆಮೇಲೆ ನೀಲಗಿರಿಯ ಹಳೆಯ ಸ್ವಿಸ್ ಎಂಜಿನ್ನುಗಳಿಗೆ ಜೊತೆಯಾಗಿ ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಯಾಗಾರದಲ್ಲಿ ಹೊಸವನ್ನು ಕಟ್ಟುತ್ತಿದ್ದಾರೆಂದು ಓದಿದೆ. ೨೦೧೧ರಿಂದೀಚೆಗೆ ಬಂದವು ತೈಲದಿಂದ ಉರಿಯುವಂಥವು. "ಹೊಸದಾಗಿ ಕಟ್ಟಿದ್ದು ಹೇಗೆ ಪರಂಪರೆಯಾದೀತು?" ಎಂದು ಅಂದು ಮೂಗು ಮುರಿದಿದ್ದೆ. ೨೦೨೧ರಲ್ಲಿ ಕಲ್ಲಿದ್ದಲಿನದೂ ಒಂದು ಅಲ್ಲಿಯೇ ತಯಾರಾಯಿತು. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಬಾಯ್ಲರ್ ಕಟ್ಟಬಲ್ಲ, ಬೆಂಕಿ ಕಾಯಬಲ್ಲ, ಕೂಗಿನ ಅರ್ಥ ಬಲ್ಲ ಕೈಗಳು ಇನ್ನೂ ಇವೆ ಎಂಬುದಕ್ಕೆ ಹೊಸ ಎಂಜಿನ್ನೇ ಸಾಕ್ಷಿ. ಮುದಿ ಎಂಜಿನ್ನಿಗೆ ಬಣ್ಣ ಬಳಿದು ಕಟ್ಟೆಯ ಮೇಲೆ ನಿಲ್ಲಿಸಿದರೆ ಲೋಹ ಉಳಿಯುತ್ತದೆ, ವಿದ್ಯೆ ಉಳಿಯುವುದಿಲ್ಲ.

ಇದಕ್ಕೆ ಎದುರಾದ ಒಂದು ಉದಾಹರಣೆಯೂ ಉಂಟು. ೨೦೨೩ರಲ್ಲಿ ಗುಜರಾತಿನ ಏಕತಾ ನಗರಕ್ಕೆ ಆರಂಭವಾದ ಪಾರಂಪರಿಕ ರೈಲಿಗೆ ಇರುವುದು ವಿದ್ಯುತ್ ಎಂಜಿನ್; ಹೊರಗಿನ ವೇಷ ಮಾತ್ರ ಉಗಿಬಂಡಿಯದು. ನೋಡಲು ಚೆನ್ನಾಗಿರಬಹುದು, ಹೊಗೆಯೂ ಇಲ್ಲ. ಪ್ರವಾಸಿಗರ ಸಂತೋಷವನ್ನು ನಾನು ತೆಗಳುವುದಿಲ್ಲ. ಆದರೆ ವೇಷವನ್ನು ವೇಷವೆಂದು ಕರೆಯೋಣ. ಪರಂಪರೆ ಎಂಬ ಹೆಸರನ್ನು ಕೆಲಸ ಮಾಡುವ ಉಗಿಗೆ, ಅದನ್ನು ಬಲ್ಲ ಮನುಷ್ಯರಿಗೆ ಮೀಸಲಿಡೋಣ.

ಇಷ್ಟು ಹೇಳಿ, ಹಿಂದಿನದೆಲ್ಲ ಚೆಂದವಿತ್ತು ಎಂದು ನಾನು ವಾದಿಸುತ್ತಿಲ್ಲ. ೧೯೯೫ರ ಡಿಸೆಂಬರಿನಲ್ಲಿ ಬ್ರಾಡ್ ಗೇಜಿನ ನಿತ್ಯಸಂಚಾರದಿಂದ ಉಗಿ ಮರೆಯಾಯಿತು. ಕೆಲವೇ ವರ್ಷಗಳಲ್ಲಿ ಮೀಟರ್ ಗೇಜಿನ ಬಯಲು ಹಾದಿಗಳಲ್ಲಿಯೂ ಹಾಗೆಯೇ ಆಯಿತು. ಅದು ಆಗಬೇಕಾದದ್ದೇ. ಚಿಕ್ಕಪ್ಪನ ಅಂಗೈಗಳ ಸುಟ್ಟ ಕಲೆಗಳನ್ನು, ಬೇಸಗೆಯಲ್ಲಿ ಕೆಲಸ ಮುಗಿಸಿ ಬಂದು ಮಾತಿಲ್ಲದೆ ಜಗಲಿಯಲ್ಲಿ ಮಲಗುತ್ತಿದ್ದ ಅವರ ದಣಿವನ್ನು ಕಂಡ ನಾನು ಆ ದುಡಿಮೆ ಎಲ್ಲೆಡೆ ಮರಳಲಿ ಎಂದು ಹೇಳಲಾರೆ. ಕಾಡಿನ ನಡುವೆ ಹೊಗೆ ಕಡಿಮೆಯಾಗಲೆಂದು ಇಂಧನ ಬದಲಾಯಿಸಿದರೆ ನನ್ನ ಆಕ್ಷೇಪವಿಲ್ಲ. ನೀಲಗಿರಿಯಲ್ಲಿಯೂ ಕೂನೂರಿನಿಂದ ಮೇಲಕ್ಕೆ ಡೀಸೆಲ್ ಎಂಜಿನ್ನೇ ಬಂಡಿಯನ್ನು ಒಯ್ಯುತ್ತದೆ. ನಾನು ಬೇಡುವುದು ಸ್ವಲ್ಪವೇ. ಉಗಿ ಉಳಿದಿರುವ ಈ ಒಂದೆರಡು ಹಾದಿಗಳಲ್ಲಿ ಕಿರಿಯ ನೌಕರರಿಗೆ ಹಿರಿಯರು ನಿವೃತ್ತರಾಗುವ ಮೊದಲೇ ಈ ವಿದ್ಯೆ ದಾಟಲಿ. ಕೂಗು ಕೆಲಸಕ್ಕಾಗಿ ಮಾತ್ರ ಕೂಗಲಿ. ನಿಲ್ದಾಣದಲ್ಲಿ ಒಂದು ಹಲಗೆ ಹಾಕಿ ಯಾವ ಕೂಗಿಗೆ ಯಾವ ಅರ್ಥವೆಂದು ಪ್ರವಾಸಿಗರಿಗೆ ತಿಳಿಸಲಿ. ಅರ್ಥ ತಿಳಿದವರು ಇನ್ನೊಂದು ಸಲ ಕೂಗಿಸಿ ಎಂದು ಕೇಳುವುದಿಲ್ಲ. ಮುಂದಿನ ಕೂಗಿಗೆ ಕಾಯುತ್ತಾರೆ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣ ನನ್ನದೇ ಒಂದು ಕೊರತೆ. ವರ್ಷವರ್ಷವೂ ಚಿಕ್ಕಪ್ಪನ ಕೂಗನ್ನು ಪಾಠಕ್ಕೆ ಬಳಸಿದೆನೇ ಹೊರತು ಒಂದು ದಿನವೂ ಅವರನ್ನು ತರಗತಿಗೆ ಕರೆಯಲಿಲ್ಲ. ಎಂಟನೆಯ ತರಗತಿಗೇ ಓದು ಬಿಟ್ಟವರು, ಹುಡುಗರಿಗೆ ಏನು ಹೇಳಿಯಾರು ಎಂಬ ಮೇಷ್ಟರ ಅಹಂಕಾರ ಇದ್ದಿರಬೇಕು. ನಿವೃತ್ತನಾದ ಮೇಲೆ ಬುದ್ಧಿ ಬಂದು, ನೋಟ್ ಪುಸ್ತಕ ಹಿಡಿದು ಅವರ ಬಳಿ ಕುಳಿತೆ. ಅಷ್ಟರಲ್ಲಿ ಅವರ ಕಿವಿ ಪೂರ್ತಿ ಮಂದವಾಗಿತ್ತು. ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದೆ. ಮೂರು ನಾಲ್ಕಕ್ಕೆ ಉತ್ತರಿಸಿ, "ಇದನ್ನೆಲ್ಲ ಆಗಲೇ ಕೇಳಬಾರದಿತ್ತೇನೋ?" ಎಂದರು. ಆ ಪುಸ್ತಕದಲ್ಲಿ ಒಂದೂವರೆ ಪುಟ ಮಾತ್ರ ತುಂಬಿದೆ.

ನಿಮ್ಮಲ್ಲಿ ಹಲವರು ಈಗ ದೂರದ ಊರುಗಳಲ್ಲಿ ದೊಡ್ಡ ಕೆಲಸಗಳಲ್ಲಿದ್ದೀರಿ. ನಿಮ್ಮ ಮನೆಗಳಲ್ಲಿಯೂ ರೈಲಿನವರೋ ನೇಯ್ಗೆಯವರೋ ಕಮ್ಮಾರರೋ ಇದ್ದಾರು. ಅವರಿಗೆ ಕೇಳಿಸುವಾಗಲೇ ಕೇಳಿಬಿಡಿ. ಬೇಲಿಯ ಬಳಿ ನಿಂತು ಕೇಳಿದ ಆ ಕೂಗು ಯಾರಿಗಾದರೂ ನೆನಪಿದ್ದರೆ ನನಗೆ ನಾಲ್ಕು ಸಾಲು ಬರೆಯಿರಿ. ಉಳಿದ ಪುಟಗಳಲ್ಲಿ ಬರೆದಿಡುತ್ತೇನೆ.